‘ನಮ್ಮ ಸ್ವಾಸ್ತ್ಯ ಪರಲೋಕದಲ್ಲಿದೆ, ಇಲ್ಲಿ ಸಹಿ ಹಾಕು’: ದೇವರ ಬಾಧ್ಯರು ಮನೆಯ ಪಾಲನ್ನು ಹೇಗೆ ಹಂಚಿಕೊಳ್ಳಬೇಕು?

ಬೆಟಗೇರಿಯ ಮಗಳು

ಅಪ್ಪ ತೀರಿಕೊಂಡು ವರ್ಷವಾಯಿತು. ವಿಲ್ ಬರೆದಿಟ್ಟಿಲ್ಲ. ಊರಿನಲ್ಲಿ ಹಳೆಯ ಮನೆ, ಊರ ಹೊರಗೆ ಎರಡು ಎಕರೆ ಹೊಲ. ಮಕ್ಕಳು ಮೂವರು: ಅಣ್ಣ, ನಾನು, ತಂಗಿ. ವರ್ಷದ ಪ್ರಾರ್ಥನೆ ಮುಗಿದು ಸಭಾಪಾಲಕ ಅಯ್ಯನವರು ಊಟ ಮಾಡಿ ಹೊರಟ ಮೇಲೆ ಅಣ್ಣ, ನಾವು ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರದ ಕರಡನ್ನು ಮೇಜಿನ ಮೇಲಿಟ್ಟ. ಜಗಳವಾಡಲಿಲ್ಲ, ದನಿ ಏರಿಸಲಿಲ್ಲ. ಪೇತ್ರನ ಮೊದಲನೆಯ ಪತ್ರಿಕೆ ತೆಗೆದು, ಲಯವಾಗದ, ಬಾಡಿಹೋಗದ ಬಾಧ್ಯತೆ, ಅಂದರೆ ವಾರಸಾಗಿ ಬರುವ ಆಸ್ತಿ (ಸ್ವಾಸ್ತ್ಯ), ನಮಗಾಗಿ ಪರಲೋಕದಲ್ಲಿ ಇಡಲ್ಪಟ್ಟಿದೆ ಎಂಬ ಭಾಗವನ್ನು ಓದಿದ. ‘ನಮ್ಮ ನಿಜವಾದ ಸ್ವಾಸ್ತ್ಯ ಅಲ್ಲಿದೆ, ಇಲ್ಲಿಯ ಮಣ್ಣಿಗೆ ನಾವು ಕಿತ್ತಾಡುವುದು ಬೇಡ’ ಎಂದ. ತಂಗಿ ಅಲ್ಲೇ ಸಹಿ ಹಾಕಲು ಸಿದ್ಧಳಾದಳು. ನಾನು ಸ್ವಲ್ಪ ಸಮಯ ಕೇಳಿದೆ.

ಅಣ್ಣ ಕೆಟ್ಟವನಲ್ಲ. ಅಪ್ಪನ ಕೊನೆಯ ವರ್ಷಗಳಲ್ಲಿ ಔಷಧಿ, ಆಸ್ಪತ್ರೆ, ರಾತ್ರಿ ಜಾಗರಣೆ ಎಲ್ಲವನ್ನೂ ಅವನೂ ಅತ್ತಿಗೆಯೂ ಮಾಡಿದ್ದಾರೆ. ಕಾನೂನು ಏನು ಹೇಳುತ್ತದೆ ಎಂದು ಕೇಳಲು ಇಲ್ಲಿ ಬರೆಯುತ್ತಿಲ್ಲ. ಭಾನುವಾರದ ಶಾಲೆಯಿಂದ ಇಂದಿನವರೆಗೂ ನಾವು ದೇವರ ಬಾಧ್ಯರು, ಅಂದರೆ ವಾರಸುದಾರರು, ಕ್ರಿಸ್ತನೊಂದಿಗೆ ಬಾಧ್ಯರು ಎಂದು ಕಲಿಯುತ್ತ ಬಂದಿದ್ದೇನೆ. ಹಾಗಿರುವವಳು ಸೋಮವಾರದಿಂದ ಶನಿವಾರದವರೆಗೆ ಹೇಗೆ ನಡೆಯಬೇಕು? ಸಹಿ ಹಾಕಿದರೆ ಅದು ವಿಶ್ವಾಸವೋ, ತವರು ತಪ್ಪಿಹೋದೀತೆಂಬ ಅಂಜಿಕೆಯೋ? ಹಾಕದಿದ್ದರೆ ಅದು ದುರಾಸೆಯೇ?

ಹಳೆಯ ಸಭಾಹಿರಿಯ

ತಂಗಿ, ನೇರವಾಗಿ ಹೇಳುತ್ತೇನೆ. ಸಹಿ ಹಾಕಿ ಹಗುರಾಗಿರಿ. ಅಣ್ಣನಿಗೆ ಹೇಳಿ ಪಾಲು ಕೊಡಿಸು ಎಂದು ಒಬ್ಬನು ಯೇಸುವಿನ ಬಳಿಗೆ ಬಂದಾಗ, ನನ್ನನ್ನು ನಿಮ್ಮ ಪಾಲುಗಾರನನ್ನಾಗಿ ನೇಮಿಸಿದವರು ಯಾರು ಎಂದು ಆತನು ಕೇಳಿದನು (ಲೂಕ 12). ಅದರ ಬೆನ್ನಲ್ಲೇ ಕಣಜ ಕಿತ್ತು ದೊಡ್ಡ ಕಣಜ ಕಟ್ಟಲು ಹೊರಟ ಧನಿಕನ ಸಾಮ್ಯ ಕಥೆಯನ್ನು ಹೇಳಿದನು. ಅಬ್ರಹಾಮನು ಹಿರಿಯನಾಗಿದ್ದರೂ ಬೇಕಾದ ಕಡೆ ಆರಿಸಿಕೋ ಎಂದು ಸಹೋದರನ ಮಗ ಲೋಟನಿಗೆ ಬಿಟ್ಟುಕೊಟ್ಟನು. ದೇವರ ಸೇವೆಗೆ ಮೀಸಲಾದ ಲೇವಿಯರ ಕುಲಕ್ಕೆ ದೇಶದಲ್ಲಿ ಸ್ವಾಸ್ತ್ಯವೇ ಇರಲಿಲ್ಲ. ನಾನೇ ನಿನ್ನ ಪಾಲು ಎಂದು ಕರ್ತನು ಆರೋನನಿಗೆ ಹೇಳಿದನು. ಕೊರಿಂಥದವರಿಗೆ ಪೌಲನು ಬರೆದದ್ದನ್ನೂ ಓದಿ: ಅದಕ್ಕಿಂತ ಅನ್ಯಾಯವನ್ನು ಏಕೆ ಸಹಿಸಬಾರದು, ನಷ್ಟವನ್ನು ಏಕೆ ತಾಳಬಾರದು (1 ಕೊರಿಂಥ 6:7).

ಒಂದು ನಿವೇಶನದ ಗೋಡೆಗಾಗಿ ಅಣ್ಣತಮ್ಮಂದಿರು ಕರ್ತನ ಭೋಜನಕ್ಕೆ ಬೇರೆ ಬೇರೆ ಸಾಲಿನಲ್ಲಿ ಮೊಣಕಾಲೂರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗೆದ್ದವನ ಮುಖದಲ್ಲಿಯೂ ಗೆಲುವು ಕಾಣಲಿಲ್ಲ.

ಕಾನೂನು ಓದಿದವನು

ಅವರು ಕೇಳದಿದ್ದರೂ ಇದನ್ನು ಹೇಳಲೇಬೇಕು. ಏನನ್ನು ಬಿಡುತ್ತಿದ್ದೇವೆ ಎಂದು ತಿಳಿಯದೆ ಬಿಡುವುದು ತ್ಯಾಗವಾಗುವುದಿಲ್ಲ.

ಕರ್ನಾಟಕದ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ವಿಲ್ ಬರೆಯದೆ ತಂದೆ ತೀರಿಕೊಂಡರೆ ವಿಧವೆಗೆ ಮೂರರಲ್ಲಿ ಒಂದು ಭಾಗ. ಉಳಿದದ್ದು ಮಕ್ಕಳಿಗೆ ಸಮನಾಗಿ. ಗಂಡುಮಕ್ಕಳು, ಹೆಣ್ಣುಮಕ್ಕಳು ಎಂಬ ಭೇದವಿಲ್ಲ. ತಾಯಿ ಇದ್ದರೆ, ಆಸ್ತಿಯನ್ನು ಒಂಬತ್ತು ಪಾಲು ಮಾಡಿ ತಾಯಿಗೆ ಮೂರು, ಮೂವರು ಮಕ್ಕಳಿಗೆ ತಲಾ ಎರಡು. ಹೆಣ್ಣುಮಕ್ಕಳಿಗೆ ಅಣ್ಣ ‘ಕೊಡುವ’ ಪ್ರಶ್ನೆಯೇ ಇಲ್ಲ, ಅದು ಅವರದ್ದೇ. ಖುಲಾಸೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿಬಿಟ್ಟರೆ, ಮನಸ್ಸು ಬದಲಾಯಿತು ಎಂದು ಹಿಂದಕ್ಕೆ ಪಡೆಯಲಾಗುವುದಿಲ್ಲ.

ಪಕ್ಕದ ಕೇರಳದ ತಿರುವಾಂಕೂರಿನಲ್ಲಿ ಹೀಗಿರಲಿಲ್ಲ. ಅಲ್ಲಿಯ 1916ರ ಕ್ರೈಸ್ತ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ ಐದು ಸಾವಿರ ರೂಪಾಯಿ, ಯಾವುದು ಕಡಿಮೆಯೋ ಅದು. ‘ಯಾವುದು ಕಡಿಮೆಯೋ ಅದು’ ಎಂಬುದನ್ನು ಇನ್ನೊಮ್ಮೆ ಓದಿಕೊಳ್ಳಿ. ಕೋಟ್ಟಯಂನ ಮೇರಿ ರಾಯ್ ಸುಪ್ರೀಂ ಕೋರ್ಟಿಗೆ ಹೋದ ಮೇಲೆ 1986ರಲ್ಲಿ ಆ ಕಟ್ಟಳೆ ಬಿದ್ದುಹೋಯಿತು. ಆಕೆಯ ಎದುರು ಪಕ್ಷದಲ್ಲಿದ್ದವನು ಸ್ವಂತ ಅಣ್ಣ. ತೀರ್ಪು ಬಂದಾಗ ಕೇರಳದ ಸಭೆಗಳಿಂದಲೇ ವಿರೋಧದ ದನಿ ಎದ್ದಿತ್ತು.

ಮಲ್ಲಿಗೆ ಬೆಳೆಗಾರ್ತಿ, ಉಡುಪಿ ಕಡೆಯವಳು

ಸಭಾಹಿರಿಯರಿಗೆ ನಮಸ್ಕಾರ. ನೀವು ಏಳನೆಯ ವಚನದಲ್ಲಿ ಬೈಬಲನ್ನು ಮುಚ್ಚಿಟ್ಟಿರಿ. ನಾನು ಎಂಟು, ಒಂಬತ್ತನ್ನು ಓದುತ್ತೇನೆ. ನಷ್ಟವನ್ನು ತಾಳಬಾರದೇ ಎಂದ ಪೌಲನು ಮುಂದಿನ ಉಸಿರಿನಲ್ಲೇ, ನೀವೇ ಅನ್ಯಾಯ ಮಾಡುತ್ತೀರಿ, ನಷ್ಟಪಡಿಸುತ್ತೀರಿ, ಅದೂ ಸಹೋದರರಿಗೇ ಎಂದು ಇನ್ನೊಂದು ಪಕ್ಷದ ಕಡೆಗೆ ತಿರುಗುತ್ತಾನೆ. ಅನ್ಯಾಯಗಾರರು ದೇವರ ರಾಜ್ಯಕ್ಕೆ ಬಾಧ್ಯರಾಗುವುದಿಲ್ಲ ಎಂಬುದು ನಿಮಗೆ ತಿಳಿಯದೋ ಎಂದು ಮುಗಿಸುತ್ತಾನೆ. ಪರಲೋಕದ ಬಾಧ್ಯತೆಯ ಮಾತು ಬಂದದ್ದೇ ಅಲ್ಲಿ. ಸಹಿ ಕೊಡಬೇಕಾದವಳಿಗೆ ಸಮಾಧಾನ ಹೇಳಲು ಅಲ್ಲ, ಸಹಿ ಕೇಳುವವನನ್ನು ಎಚ್ಚರಿಸಲು ಬಂದಿದೆ. ಈ ಅಣ್ಣ ಒಳ್ಳೆಯ ವಚನವನ್ನೇ ಓದಿದ್ದಾನೆ. ಎದುರಿಗೆ ಕುಳಿತವಳಿಗೆ ಓದಿದ, ಕನ್ನಡಿ ನೋಡಿಕೊಂಡು ಓದಬೇಕಿತ್ತು.

ಬಿಟ್ಟುಕೊಡುವ ಮಾತು ಬಿಡುವವರ ಬಾಯಿಂದ ಬರಬೇಕು. ಅಬ್ರಹಾಮನು ಲೋಟನಿಗೆ ಬಿಟ್ಟುಕೊಟ್ಟದ್ದು ನಿಜ. ‘ಚಿಕ್ಕಪ್ಪಾ, ನಿನಗೆ ದೇವರ ವಾಗ್ದಾನವಿದೆಯಲ್ಲ, ಹಸಿರು ಬಯಲು ನನಗಿರಲಿ’ ಎಂದು ಲೋಟನು ಕೇಳಿದ್ದರೆ ಕಥೆ ಬೇರೆಯಾಗುತ್ತಿತ್ತು. ಅಲ್ಲಿ ಬಿಟ್ಟುಕೊಟ್ಟವನು ಹಿರಿಯ, ಅಧಿಕಾರ ಇದ್ದವನು. ನಮ್ಮ ಮನೆಗಳಲ್ಲಿ ಅದು ಯಾವಾಗಲೂ ಕೈಯಲ್ಲಿ ಏನೂ ಇಲ್ಲದವಳ ಕೆಲಸ. ಲೇವಿಯರ ಮಾತನ್ನೂ ಅರ್ಧಕ್ಕೇ ಬಿಟ್ಟಿರಿ. ಅವರಿಗೆ ಹೊಲ ಇರಲಿಲ್ಲ, ಆದರೆ ಉಳಿದ ಕುಲಗಳವರು ಅವರಿಗೆ ದಶಮಾಂಶ ಕೊಡಬೇಕಿತ್ತು, ವಾಸಕ್ಕೆ ನಲವತ್ತೆಂಟು ಊರುಗಳನ್ನು, ಸುತ್ತಲಿನ ಹುಲ್ಲುಗಾವಲಿನ ಸಮೇತ, ಬಿಟ್ಟುಕೊಡಬೇಕಿತ್ತು. ಯಾರೂ ಅವರನ್ನು ಬರಿಗೈಯಲ್ಲಿ ಕಳುಹಿಸಿ ಪ್ರಾರ್ಥನೆ ಮಾಡಿಕೊಳ್ಳಿ ಎನ್ನಲಿಲ್ಲ.

ಬೈಬಲಿನ ಅರಣ್ಯಕಾಂಡದ 27ನೆಯ ಅಧ್ಯಾಯವನ್ನು ನಮ್ಮ ಸ್ತ್ರೀಯರ ಕೂಟದಲ್ಲಿ ಪ್ರತಿ ವರ್ಷ ಓದಬೇಕೆಂದು ನನ್ನ ಆಸೆ. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆ, ಯಾಜಕ, ಮುಖ್ಯಸ್ಥರು, ಇಡೀ ಸಭೆ ಎಲ್ಲರ ಎದುರು ದೇವದರ್ಶನದ ಗುಡಾರದ ಬಾಗಿಲಲ್ಲಿ ನಿಂತು ತಂದೆಯ ಸ್ವಾಸ್ತ್ಯ ಕೇಳುತ್ತಾರೆ. ಆಗ ಕಾನಾನಿನಲ್ಲಿ ಒಂದು ಗೇಣು ನೆಲವೂ ಇಸ್ರಾಯೇಲರ ಕೈಗೆ ಬಂದಿರಲಿಲ್ಲ. ಇನ್ನೂ ಕಾಣದ ದೇಶದಲ್ಲಿ ಪಾಲು ಕೇಳಿದವರು ಅವರು. ವಾಗ್ದಾನವನ್ನು ಅಷ್ಟು ಗಟ್ಟಿಯಾಗಿ ನಂಬಿದವರು ಆ ಪಾಳೆಯದಲ್ಲಿ ಎಷ್ಟು ಜನರಿದ್ದರೋ. ಅವರು ಹೇಳುವುದು ನ್ಯಾಯವಾಗಿದೆ ಎಂದು ದೇವರೇ ತೀರ್ಪು ಕೊಡುತ್ತಾನೆ. (36ನೆಯ ಅಧ್ಯಾಯದಲ್ಲಿ ಅದೇ ಕುಲದ ಗಂಡಸರು ಬಂದು, ಇವರು ತಮ್ಮ ಕುಲದೊಳಗೇ ಮದುವೆಯಾಗಬೇಕು ಎಂಬ ಷರತ್ತು ಹಾಕಿಸಿದ್ದೂ ಇದೆ. ಅದನ್ನು ಮುಚ್ಚಿಡುವುದಿಲ್ಲ. ಹೆಣ್ಣಿಗೆ ಪಾಲು ಬಂದರೆ ದೊಡ್ಡಪ್ಪಂದಿರಿಗೆ ನಿದ್ದೆ ಬರುವುದಿಲ್ಲ ಎಂಬುದು ಹಳೆಯ ಸಂಗತಿ.) ಯೋಬನು ಮತ್ತೆ ಏಳಿಗೆಯಾದ ಮೇಲೆ ಮೂವರು ಹೆಣ್ಣುಮಕ್ಕಳಿಗೂ ಅಣ್ಣತಮ್ಮಂದಿರ ಜೊತೆಗೆ ಸ್ವಾಸ್ತ್ಯ ಕೊಟ್ಟನೆಂದು ಪುಸ್ತಕದ ಕೊನೆಯ ಪುಟದಲ್ಲೇ ಇದೆ.

ಬೆಟಗೇರಿಯ ತಂಗಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಪವಿತ್ರಾತ್ಮನು ನಮ್ಮ ಬಾಧ್ಯತೆಗೆ ಸಂಚಕಾರ (ಮುಂಗಡ) ಎಂದು ಎಫೆಸದ ಪತ್ರಿಕೆ ಹೇಳುತ್ತದೆ. ಉಳಿದದ್ದು ಬಂದೇ ಬರುತ್ತದೆ ಎಂದು ನಂಬಿದವರು ಇಲ್ಲಿ ಇನ್ನೊಬ್ಬರ ತಟ್ಟೆಗೆ ಕೈ ಹಾಕುವುದಿಲ್ಲ. ನಿಮ್ಮ ಅಣ್ಣನಿಗೆ ಆ ಸಂಚಕಾರ ಸಿಕ್ಕಿದೆ ಎಂಬುದು ಅವನು ಎಷ್ಟು ಚೆನ್ನಾಗಿ ಪ್ರಾರ್ಥಿಸುತ್ತಾನೆ ಎಂಬುದರಲ್ಲಿ ಗೊತ್ತಾಗುವುದಿಲ್ಲ, ಆ ಕರಡು ಪತ್ರದ ತಲೆಬರಹದಲ್ಲಿ ಗೊತ್ತಾಗುತ್ತದೆ. ಖುಲಾಸೆ ಪತ್ರ ತಂದನೋ, ಎಲ್ಲರಿಗೂ ಪಾಲು ಹಂಚುವ ವಿಭಾಗ ಪತ್ರ ತಂದನೋ?

ದಾರಿಹೋಕ

ನಾನು ಕ್ರೈಸ್ತನಲ್ಲ, ಗೆಳೆಯರೊಬ್ಬರು ತೋರಿಸಿದರೆಂದು ಓದುತ್ತಿದ್ದೇನೆ. ನಮ್ಮಲ್ಲಿ ಪೇತ್ರನ ಪತ್ರಿಕೆ ಓದುವುದಿಲ್ಲ, ‘ತವರು ಬೇಕೋ, ಪಾಲು ಬೇಕೋ’ ಎಂದು ಕೇಳುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಹೆಣ್ಣುಮಕ್ಕಳ ಸಹಿಗೆ ಬೆಲೆ ಬಂದಿದೆ, ಅದಕ್ಕೇ ಗೌರಿ ಹಬ್ಬದ ಬಾಗಿನದ ಜೊತೆಗೆ ಕಾಗದವೂ ಬರುತ್ತದೆ. ವಚನ ಬೇರೆ, ಪೆನ್ನು ಒಂದೇ.

ಕುವೈತಿನಿಂದ

ಅಣ್ಣನ ಪರವಾಗಿಯೂ ಯಾರಾದರೂ ಒಂದು ಮಾತು ಹೇಳಬೇಕಲ್ಲವೇ? ನಮ್ಮ ಮನೆಯಲ್ಲಿ ಅಪ್ಪ ಅಮ್ಮನನ್ನು ನೋಡಿಕೊಂಡವಳು ಅಕ್ಕ. ನಾನು ಹಣ ಕಳುಹಿಸಿದೆ. ಮಲ ಮೂತ್ರ ಬಳಿದವಳು ಅವಳು. ಪಾಲು ಮಾಡುವಾಗ ನನ್ನ ಭಾಗದ ಅರ್ಧವನ್ನು ಅವಳ ಹೆಸರಿಗೆ ಬರೆದೆ. ಪರಲೋಕದ ಲೆಕ್ಕ ನೋಡಿ ಅಲ್ಲ, ಭೂಲೋಕದ ಲೆಕ್ಕವೇ ಹಾಗಿತ್ತು. ಸೇವೆ ಮಾಡಿದವರಿಗೆ ಹೆಚ್ಚು ಸಲ್ಲಬೇಕು ಎಂದು ಈ ಅಣ್ಣನಿಗೆ ಅನಿಸಿದ್ದರೆ ಅದನ್ನು ಬಾಯಿಬಿಟ್ಟು ಕೇಳಲಿ. ಔಷಧಿಗೆ ಇಷ್ಟಾಯಿತು, ಕೆಲಸ ಬಿಟ್ಟೆ, ಇಷ್ಟು ನನಗೆ ಬೇಕು ಎನ್ನಲಿ. ಅದು ಪ್ರಾಮಾಣಿಕ ಮಾತು, ತಂಗಿಯರೂ ಒಪ್ಪಿಯಾರು. ಅದನ್ನು ಪೇತ್ರನ ಬಾಯಲ್ಲಿ ಹೇಳಿಸುವುದು ಏಕೆ?

ಇನ್ನೊಂದು ವಿಷಯ. ನಾವು ಮಂಗಳೂರಿನ ಕಥೋಲಿಕರು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯ ಹೊಸ ಅಕ್ಕಿಯನ್ನು ಮನೆಯವರೆಲ್ಲ ಹಂಚಿಕೊಂಡು ತಿನ್ನುತ್ತೇವೆ. ದೂರದಲ್ಲಿರುವವರಿಗೆ ಲಕೋಟೆಯಲ್ಲಿ ಹಾಕಿ ಕಳುಹಿಸುತ್ತಾರೆ. ನನಗೆ ಇಲ್ಲಿ ನಾಲ್ಕು ಕಾಳು ಬರುತ್ತದೆ, ಮದುವೆಯಾಗಿ ಹೋದ ಚಿಕ್ಕಮ್ಮಂದಿರಿಗೂ ಹೋಗುತ್ತದೆ, ಯಾರನ್ನೂ ಬಿಡುವುದಿಲ್ಲ. ಅದೇ ಚಿಕ್ಕಮ್ಮಂದಿರು ಅಜ್ಜ ಸತ್ತ ವರ್ಷ ಸಹಿ ಹಾಕಿಕೊಟ್ಟಿದ್ದರು. ಕಾಳಿನಲ್ಲಿ ಪಾಲಿದೆ, ಗದ್ದೆಯಲ್ಲಿ ಇಲ್ಲ. ಈ ಹಬ್ಬವನ್ನು ಇಷ್ಟು ವರ್ಷ ಆಚರಿಸಿಯೂ ನಮಗೆ ಇದು ಹೊಳೆಯಲಿಲ್ಲ.

ಹಳೆಯ ಸಭಾಹಿರಿಯ

ಮಲ್ಲಿಗೆ ಬೆಳೆಗಾರ್ತಿಯವರು ಎಂಟು, ಒಂಬತ್ತನೆಯ ವಚನಗಳನ್ನು ಓದಿದ್ದು ಸರಿ, ವಾದಕ್ಕಿಲ್ಲ. ಅಣ್ಣನು ಅದನ್ನು ಕೇಳಬಾರದಿತ್ತು. ಆದರೆ ನಾನು ಉತ್ತರ ಕೊಟ್ಟದ್ದು ಅಣ್ಣನಿಗಲ್ಲ, ತಂಗಿಗೆ. ಅವನು ತಪ್ಪಿದ ಮೇಲೂ ಅವಳ ಮುಂದೆ ಒಂದು ದಾರಿ ಇದೆಯಲ್ಲ. ನ್ಯಾಯ ಕೇಳುವುದು ಅವಳ ಹಕ್ಕು. ಹಕ್ಕನ್ನು ಬಿಡುವ ಬಲವೂ ಸುವಾರ್ತೆಯಿಂದಲೇ ಬರುತ್ತದೆ. ಪೌಲನೇ ಕೊರಿಂಥದಲ್ಲಿ ತನ್ನ ಹಕ್ಕಿನ ಜೀವನಾಂಶವನ್ನು ಪಡೆಯದೆ ದುಡಿದು ತಿಂದನು. ಹೆಣ್ಣುಮಕ್ಕಳು ಬಿಟ್ಟುಕೊಟ್ಟದ್ದನ್ನೆಲ್ಲ ಅಂಜಿಕೆ ಎಂದು ತಳ್ಳಿಹಾಕಿದರೆ ನಮ್ಮ ಅಜ್ಜಿಯಂದಿರಿಗೆ ಅವಮಾನ ಮಾಡಿದಂತಾಗುತ್ತದೆ.

ಮಲ್ಲಿಗೆ ಬೆಳೆಗಾರ್ತಿ, ಉಡುಪಿ ಕಡೆಯವಳು

ಪೌಲನು ಬಿಟ್ಟದ್ದು ಸರಿ. ಆದರೆ ಬಿಡುವ ಮುಂಚೆ 1 ಕೊರಿಂಥ 9ನೆಯ ಅಧ್ಯಾಯದ ಅರ್ಧಭಾಗವನ್ನು ಅದು ತನ್ನ ಹಕ್ಕು ಎಂದು ಸಾಧಿಸಲು ಬಳಸಿದ್ದಾನೆ, ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಎಂಬುದನ್ನೂ ಸೇರಿಸಿ. ಬೆಟಗೇರಿಯ ತಂಗಿಯೂ ಹಾಗೆ ಮಾಡಲಿ: ಮೊದಲು ಒಂಬತ್ತರಲ್ಲಿ ಎರಡು ತನ್ನದು ಎಂದು ಕಾಗದದ ಮೇಲೆ ಬರಲಿ. ಆಮೇಲೆ ಅದನ್ನು ಅಣ್ಣನಿಗೆ ಕೊಡುತ್ತಾಳೋ, ತಂಗಿಯ ಮಗಳ ಓದಿಗೆ ಕೊಡುತ್ತಾಳೋ, ತಾನೇ ಇಟ್ಟುಕೊಳ್ಳುತ್ತಾಳೋ, ನಾನು ಕೇಳುವುದಿಲ್ಲ.

ಅಜ್ಜಿಯಂದಿರ ಮಾತು ತೆಗೆದಿರಿ, ಹೇಳಿಬಿಡುತ್ತೇನೆ. ನಮ್ಮದು ಬಾಸೆಲ್ ಮಿಷನ್ ಕಾಲದಲ್ಲಿ ಸಭೆ ಸೇರಿದ ತುಳು ಮನೆತನ. ಅದಕ್ಕೂ ಮುಂಚೆ ಅಳಿಯಸಂತಾನ ಕಟ್ಟು. ಆಸ್ತಿ ಇಳಿಯುತ್ತಿದ್ದದ್ದು ತಾಯಿಯ ವಂಶದಲ್ಲಿ. ಯಜಮಾನಿಕೆ ಮಾವನದಾದರೂ ಬೇರು ಹೆಣ್ಣಿನಲ್ಲಿತ್ತು. ಸಭೆ ಸೇರಿದವರು ಆ ಕಟ್ಟನ್ನು ಬಿಟ್ಟರು. ಇವತ್ತು ನನ್ನ ಸೋದರತ್ತೆಯರು ಸಹಿ ಹಾಕಿ ಹೊರಬೀಳುವುದನ್ನು ನೋಡಿದಾಗ, ಬಿಟ್ಟು ಬಂದದ್ದರಲ್ಲಿ ಇದೊಂದನ್ನು ಬಿಡಬಾರದಿತ್ತು ಅನಿಸುತ್ತದೆ.

ಗ್ರಂಥಾಲಯದ ಮೂಲೆ

ಬಾಸೆಲ್ ಮಿಷನ್ನಿನ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ನಮ್ಮ ಸಭೆಗಳು ಹುಟ್ಟಿದ್ದೇ ಪಾಲು ಕಳೆದುಕೊಂಡವರಿಂದ. ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಆಗ ದೀಕ್ಷಾಸ್ನಾನ ಪಡೆದವರಿಗೆ ಮನೆಯ ಬಾಗಿಲು ಮುಚ್ಚುತ್ತಿತ್ತು, ಕುಲದ ಕೆಲಸ ಹೋಗುತ್ತಿತ್ತು, ಗೇಣಿಗೆ ಮಾಡುತ್ತಿದ್ದ ಗದ್ದೆ ಧಣಿಯ ಕೈಗೆ ಹೋಗುತ್ತಿತ್ತು. 1844ರಲ್ಲಿ ಮಂಗಳೂರಿನ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರೇ ಗದ್ದಲವಾಯಿತು. ಮುಂದೆ ಆತನೇ ಬಾಸೆಲ್‌ನಲ್ಲಿ ಓದಿ ಮಿಷನರಿಯಾಗಿ ಮರಳಿದ. ಮತ ಬದಲಿಸಿದ ಕಾರಣಕ್ಕೆ ಆಸ್ತಿಯ ಹಕ್ಕು ತಪ್ಪಬಾರದು ಎಂಬ ಕಾಯ್ದೆ ಬಂದದ್ದು 1850ರಲ್ಲಿ. ಕಾಯ್ದೆ ಬಂದರೂ ಒಡಹುಟ್ಟಿದವರ ಎದುರು ಕೋರ್ಟು ಹತ್ತುವ ಶಕ್ತಿ ಬಡ ವಿಶ್ವಾಸಿಗೆ ಎಲ್ಲಿಂದ ಬರಬೇಕು?

ಆಮೇಲೆ ಆದದ್ದೇ ಮುಖ್ಯ. ಬಾಧ್ಯತೆ ಮೇಲಿದೆ ಎಂದು ಹೇಳಿ ಅವರನ್ನು ಬೀದಿಯಲ್ಲಿ ಬಿಡಲಿಲ್ಲ. ನೇಯ್ಗೆಯ ಕಾರ್ಖಾನೆ ಬಂತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಬಂತು, ಮುದ್ರಣಾಲಯದಲ್ಲಿ ಕೆಲಸ ಸಿಕ್ಕಿತು, ವಾಸಕ್ಕೆ ಮನೆಗಳಾದವು. ಮಿಷನ್ನಿನ ಧಣಿತನ, ಕಾರ್ಖಾನೆಯ ಶಿಸ್ತು ಇವುಗಳ ಬಗ್ಗೆ ದೂರುಗಳು ಬೇಕಾದಷ್ಟಿವೆ, ಅದು ಬೇರೆ ಚರ್ಚೆ. ಮನೆ, ಅಣ್ಣತಮ್ಮ, ಅಕ್ಕತಂಗಿ, ಹೊಲ ಬಿಟ್ಟು ಬಂದವರಿಗೆ ಈಗಿನ ಕಾಲದಲ್ಲಿಯೇ ನೂರರಷ್ಟು ಮನೆ, ಅಣ್ಣತಮ್ಮ, ತಾಯಿ, ಹೊಲ ಸಿಗುತ್ತವೆ ಎಂದು ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿದೆ. ನಿತ್ಯಜೀವ ಬರುವ ಲೋಕದಲ್ಲಿ, ಮನೆ ಈಗಲೇ. ಆ ‘ಈಗಲೇ’ಯನ್ನು ಪೂರೈಸುವವರು ಪಕ್ಕದ ಸಾಲಿನಲ್ಲಿ ಕುಳಿತವರಲ್ಲದೆ ಇನ್ನಾರು?

ಹಾಗಾಗಿ ನನ್ನ ಪ್ರಶ್ನೆ ಬೆಟಗೇರಿಯವರಿಗಲ್ಲ, ಅವರ ಸಭೆಗೆ. ಇವರು ಸಹಿ ಹಾಕದೆ, ಅಣ್ಣನ ಬಾಗಿಲು ಮುಚ್ಚಿದರೆ, ಕ್ರಿಸ್ಮಸ್ ರಾತ್ರಿ ಇವರನ್ನು ಊಟಕ್ಕೆ ಕರೆಯುವ ಮನೆ ಎಷ್ಟಿವೆ? ‘ಅಣ್ಣನ ಮೇಲೆ ಕೇಸು ಹಾಕಿದವಳು’ ಎಂದು ಆರಾಧನೆ ಮುಗಿದ ಮೇಲೆ ಗುಸುಗುಸು ಮಾಡುವವರು ಎಷ್ಟಿದ್ದಾರೆ?

ಯುವಕೂಟದ ಕಾರ್ಯದರ್ಶಿ

ಎಲ್ಲರೂ ಆಸ್ತಿಯನ್ನೇ ಹಿಡಿದುಕೊಂಡಿದ್ದೀರಿ. ಆಸ್ತಿಯೇ ಇಲ್ಲದವರ ಕಥೆ? ನನ್ನ ತಾತ ಗೇಣಿದಾರ, ಅಪ್ಪ ಗಾರೆ ಕೆಲಸ, ಬಾಡಿಗೆ ಮನೆ. ನನಗೆ ಬಂದದ್ದು ತಾತನ ಸಭಾಗೀತೆಗಳ ಪುಸ್ತಕ, ಅದೂ ಗೆದ್ದಲು ತಿಂದದ್ದು. ಕೊಲೊಸ್ಸೆಯ ಮೂರನೆಯ ಅಧ್ಯಾಯದಲ್ಲಿ ಬಾಧ್ಯತೆ ನಿಮಗೆ ಪ್ರತಿಫಲವಾಗಿ ಸಿಗುವುದು ಎಂದು ಪೌಲನು ಬರೆದದ್ದು ದಾಸರಿಗೆ. ರೋಮಿನ ಕಾನೂನಿನಲ್ಲಿ ದಾಸನಿಗೆ ಆಸ್ತಿಯೇ ಇಲ್ಲ, ಅವನೇ ಇನ್ನೊಬ್ಬನ ಆಸ್ತಿ. ಯಜಮಾನ ಸತ್ತರೆ ಮಗನಿಗೆ ಹೊಲದ ಜೊತೆ ಇವನೂ ಪಾಲಿಗೆ ಬೀಳುತ್ತಿದ್ದ. ಅಂಥವನನ್ನು ಬಾಧ್ಯ ಎಂದು ಕರೆದು, ಅದನ್ನು ಯಜಮಾನನ ಎದುರಿಗೇ ಸಭೆಯಲ್ಲಿ ಓದಿಸಿದ್ದಾರೆ. ನಮ್ಮ ಸಭೆಯಲ್ಲಿ ಕಸ ಗುಡಿಸುವ ಅಮ್ಮನ ಹೆಸರು ಎಷ್ಟು ಜನಕ್ಕೆ ಗೊತ್ತು ಎಂದು ಕಳೆದ ಕೂಟದಲ್ಲಿ ಕೇಳಿದೆ. ಕೈ ಎತ್ತಿದವರು ಕಡಿಮೆ.

ಕಾನೂನು ಓದಿದವನು

ಇಷ್ಟು ಜನ ಬರೆದರು, ಒಬ್ಬರೂ ತಾಯಿಯ ಬಗ್ಗೆ ಕೇಳಲಿಲ್ಲ. ಅವರು ಬದುಕಿದ್ದಾರೆಯೇ? ಇದ್ದರೆ ಅತಿ ದೊಡ್ಡ ಪಾಲು ಅವರದ್ದು. ಅವರ ಹೆಸರು ಆ ಕರಡಿನಲ್ಲಿ ಇದೆಯೇ?

ಬೆಟಗೇರಿಯ ಮಗಳು

ಎಲ್ಲರಿಗೂ ವಂದನೆ. ಒಂದೊಂದನ್ನೂ ನಿಧಾನವಾಗಿ ಓದಿದೆ, ತಂಗಿಗೂ ಓದಿ ಹೇಳಿದೆ.

ಅಮ್ಮ ಇದ್ದಾರೆ. ಕರಡಿನಲ್ಲಿ ಅಮ್ಮನ ಹೆಸರೂ ಇತ್ತು, ಹಕ್ಕು ಬಿಟ್ಟುಕೊಡುವವರ ಸಾಲಿನಲ್ಲಿ, ಮೊದಲನೆಯದಾಗಿ. ನಾನದನ್ನು ಗಮನಿಸಿರಲೇ ಇಲ್ಲ. ಅಮ್ಮನ ಮನೆ ಅಮ್ಮನದು ಎಂದು ಕಾಗದ ನೋಡದೆ ನಂಬಿಕೊಂಡಿದ್ದೆವು. ಭಾನುವಾರ ಅವರಿಗೆ ಒಂಬತ್ತು ಪಾಲಿನ ಲೆಕ್ಕ ಹೇಳಿದೆ. ಬಹಳ ಹೊತ್ತು ಮಾತಾಡದೆ ಅವರೆಕಾಯಿ ಬಿಡಿಸುತ್ತಿದ್ದರು. ಆಮೇಲೆ ‘ಮೂರು ನನ್ನದೇ?’ ಎಂದು ಕೇಳಿದರು.

ಕುವೈತಿನವರು ಹೇಳಿದಂತೆ ಅಣ್ಣನ ಬಳಿ ಮಾತಾಡಿದೆ. ಆಸ್ಪತ್ರೆಯ ಸಾಲ ಇನ್ನೂ ತೀರಿಲ್ಲವಂತೆ, ಅದನ್ನು ನಮಗೆ ಹೇಳಲು ಅವನಿಗೆ ನಾಚಿಕೆ. ಸಾಲ ಮೂವರದ್ದೂ ಎಂದೆ. ತಂಗಿ ತನ್ನ ಬಳೆ ಕೊಡುತ್ತೇನೆ ಎಂದಳು. ಅದು ಬೇಡ, ಹೊಲದ ಒಂದು ತುಂಡು ಮಾರಿ ತೀರಿಸೋಣ ಎಂದಾಯಿತು. ಉಳಿದದ್ದಕ್ಕೆ ವಿಭಾಗ ಪತ್ರ ಬರೆಸಬೇಕು ಎಂದಾಗ ಅವನು ಎದ್ದು ಹೊರಗೆ ಹೋದ. ಒಪ್ಪಿದನೋ ಇಲ್ಲವೋ ತಿಳಿಯದು. ಅತ್ತಿಗೆ ಮಾತ್ರ ಫೋನ್ ಮಾಡಿ, ತನ್ನ ತವರಿನಲ್ಲಿಯೂ ತಾನು ಹೀಗೆಯೇ ಸಹಿ ಹಾಕಿ ಬಂದದ್ದು ಎಂದಳು.

ಅಮ್ಮ ತಮ್ಮ ಮೂರು ಪಾಲನ್ನು ಯಾರಿಗೂ ಬರೆದುಕೊಡುವುದಿಲ್ಲವಂತೆ, ಸದ್ಯಕ್ಕೆ. ಕಾನೂನು ಓದಿದವರೇ, ಅಮ್ಮನ ಹೆಸರು ಮನೆಯ ಖಾತೆಗೆ ಬರಬೇಕಾದರೆ ಏನೇನು ಕಾಗದ ಬೇಕು, ದಯವಿಟ್ಟು ತಿಳಿಸಿ.

ಕಾನೂನು ಓದಿದವನು

ತಂದೆಯ ಮರಣ ಪ್ರಮಾಣಪತ್ರ, ವಂಶವೃಕ್ಷ, ಈಗಿನ ಖಾತೆಯ ಪ್ರತಿ, ತೆರಿಗೆ ಕಟ್ಟಿದ ರಸೀದಿ. ಹೊಲಕ್ಕೆ ಪೌತಿ ಖಾತೆಯ ಅರ್ಜಿ ಬೇರೆ, ಅದು ನಾಡಕಚೇರಿಯಲ್ಲಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗದಂತೆ ನೀವೇ ನಿಂತು ನೋಡಿಕೊಳ್ಳಿ.